ಎರಡು ಹದ

ಮೊದಲ ಸಲ ಅದನ್ನು ತಿಂದವನು ನಾನೇ.
ಮಹಡಿಗೆ ಬಾಡಿಗೆಗೆ ಬಂದ ಮೂರನೇ ದಿನ
ಬೀಗದ ಕೈ ಕೇಳಲು ಇಳಿದರೆ ಮೇಜಿನ ಮೇಲೊಂದು ತಟ್ಟೆ.
ಉಪ್ಪಿಲ್ಲ, ಸಕ್ಕರೆಯಿಲ್ಲ, ಕಲ್ಲಿನಷ್ಟು ಗಟ್ಟಿ,
ಆಚೆಗೆಲ್ಲೋ ಒಂದೆಳೆ ಲಿವರಿನ ವಾಸನೆ.
ದಾಕ್ಷಿಣ್ಯಕ್ಕೆ ಇನ್ನೊಂದು ತೆಗೆದುಕೊಂಡೆ.
ಕಟಕಟ ಕೇಳಿ ಮಾರಿಕಾ ನಕ್ಕಳು:
“ಅದು ರೊಂಕನದು. ನೀನೀಗ ಅವನ ಸಾಲಗಾರ.”
ಮೇಜಿನಡಿಯಿಂದ ಒಂದು ಕರಿ ಮೂತಿ
ಬಡ್ಡಿ ಲೆಕ್ಕ ಹಾಕುವಂತೆ ನನ್ನನ್ನೇ ನೋಡುತ್ತಿತ್ತು.

ತಾರ್ತುವಿನಲ್ಲಿ ಹೊಳೆಯ ತಗ್ಗಿಗೆ ಒಂದು ಸಾರಿನಕೇರಿ;
ಮರದ ಮನೆಗಳು, ಬೀದಿಗಳಿಗೆ ತರಕಾರಿಯ ಹೆಸರು.
ಆಲೂಗಡ್ಡೆ ಬೀದಿ ದಾಟಿ, ಬಟಾಣಿ ಬೀದಿಗೆ ಹೊರಳಿ,
ಹಿಮ ಗಟ್ಟಿದ ಮೆಟ್ಟಿಲು ಬಂದರೆ ನಿಂತು,
ಒಂಬತ್ತು ಚಳಿಗಾಲ ಅವಳನ್ನು ನಡೆಸಿದ್ದು ರೊಂಕ್.
ಅವರ ಮಾತಿನಲ್ಲಿ ಹಾಗೆಂದರೆ ಕಾಡುಕಾಗೆ.
ಅವಳು ಊರ ಪಿಯಾನೊಗಳಿಗೆ ಶ್ರುತಿ ಕೂಡಿಸುವವಳು.
ಶಾಲೆಯಲ್ಲೋ ಚರ್ಚಿನಲ್ಲೋ ಅವಳು ತಂತಿ ಬಿಗಿಯುವಷ್ಟು ಹೊತ್ತೂ
ಪೆಡಲಿನ ಪಕ್ಕ ಮಲಗಿ ಅವನು ಉಸಿರು ಬಿಗಿಹಿಡಿಯುತ್ತಿದ್ದ.
ಮುಗಿದ ಮೇಲೆ ಕೋಟಿನ ಕಿಸೆಯಿಂದ ಒಂದು ಬಿಸ್ಕತ್ತು.
ಕಟ್.
ಆ ಸದ್ದಿಗೇ ಕೆಲಸ ಮುಗಿಯಿತು ಎಂದರ್ಥ, ಇಬ್ಬರಿಗೂ.

ಶನಿವಾರ ಬೆಳಗ್ಗೆ ಬೇಯಿಸುವ ಹೊತ್ತು.
ರೈ ಹಿಟ್ಟು, ಓಟ್ಸು, ತುರಿದ ಗಜ್ಜರಿ,
ಬೇಯಿಸಿ ಅರೆದ ಲಿವರು, ಒಂದು ಮೊಟ್ಟೆ.
“ಈರುಳ್ಳಿ ಮುಟ್ಟಿದ ಕೈ ದೂರ ಇಡು.
ಒಣದ್ರಾಕ್ಷಿ ಮೇಲಿನ ಗೂಡಿಗೆ.
ನಿನ್ನ ಚಾಕೊಲೇಟು ನಿನ್ನ ಕೋಣೆ ದಾಟದಿರಲಿ.”
ಮೂಳೆಯಾಕಾರದ ಅಚ್ಚು ತಂದುಕೊಟ್ಟೆ ಒಮ್ಮೆ.
ಸವರಿ ನೋಡಿ ತಿರುಗಿ ಕೊಟ್ಟಳು:
“ಇದು ಕೊಳ್ಳುವವರ ಕಣ್ಣಿಗೆ. ನಾನು ಕಾಣೆ, ಅವನು ಲೆಕ್ಕಿಸ.”
ಬೆಂದಿತೇ ಎಂದು ಗಡಿಯಾರ ಕೇಳುವವಳಲ್ಲ.
ಒಂದನ್ನೆತ್ತಿ ಮೇಜಿನಂಚಿಗೆ ಕುಟ್ಟಿ, ಕಿವಿಗೊಟ್ಟು,
“ಇನ್ನೂ ತಗ್ಗು.”
ಹತ್ತು ನಿಮಿಷ ಬಿಟ್ಟು ಮತ್ತೆ ಕುಟ್ಟಿ,
“ಈಗ ಸೇರಿತು.”

ಆಮೇಲೊಂದು ಅಕ್ಟೋಬರಿನಲ್ಲಿ
ಬಿಸ್ಕತ್ತು ನೆಲಕ್ಕೆ ಬಿದ್ದದ್ದು ಕೇಳಿಸಿತು.
ಕಟ್ ಎನ್ನಲಿಲ್ಲ.
ಅವಳು ಮಂಡಿಯೂರಿ, ಅವನ ಬಾಯೊಳಗೆ ಬೆರಳಿಟ್ಟು,
ಒಂದೊಂದೇ ಹಲ್ಲು ಮುಟ್ಟುತ್ತ ಹೋದಳು,
ಹಳೆಯ ಪಿಯಾನೊದಲ್ಲಿ ಸದ್ದು ಸತ್ತ ಕೀಗಳನ್ನು ಎಣಿಸುವಂತೆ.
ಏನೂ ಹೇಳಲಿಲ್ಲ.
ಮುಂದಿನ ಶನಿವಾರ ಹಿಟ್ಟಿಗೆ ಕುಂಬಳ ಬಂತು,
ಅದರ ಮುಂದಿನದಕ್ಕೆ ಇನ್ನೊಂದು ಸೌಟು.

ಫೆಬ್ರುವರಿಯಲ್ಲಿ ಉಬಾ ಬಂದಳು.
ಹಾಗೆಂದರೆ ಅವರೆಕಾಳು. ಎರಡು ವರ್ಷ, ತುಂಬು ಬಾಯಿ.
ಪಟ್ಟಿಯ ಕೊಕ್ಕೆ ಕ್ಲಿಕ್ಕೆಂದಾಗ
ಹಾಸಿಗೆ ಬಿಟ್ಟೆದ್ದು ಬಾಗಿಲಿಗೆ ಹೋಗಿ ನಿಂತದ್ದು ರೊಂಕ್.
ಅವಳು ಅವನ ಕಿವಿಯ ಬುಡ ತುರಿಸಿ,
ಬದಿಗೆ ಸರಿಸಿ,
ಉಬಾಳೊಂದಿಗೆ ಮೆಟ್ಟಿಲಿಳಿದಳು.
ಬಾಗಿಲು ಮುಚ್ಚಿದವನು ನಾನು.

ಈಗ ಎರಡು ತಟ್ಟೆ, ಎರಡು ಡಬ್ಬಿ.
ಒಂದನ್ನು ಕುಟ್ಟಿ ನೋಡಬೇಕು, ಇನ್ನೊಂದನ್ನು ಒತ್ತಿ ನೋಡಬೇಕು.
ಹೋದ ವಾರ ಅವಸರದಲ್ಲಿ ಅವಳ ಕಿಸೆ ತುಂಬಿದವನು ನಾನೇ,
ಡಬ್ಬಿ ಅದಲುಬದಲಾಯಿತು.
ಚರ್ಚಿನಲ್ಲಿ ಉಬಾ ಮೆತ್ತನೆಯದನ್ನು ಸದ್ದಿಲ್ಲದೆ ನುಂಗಿ
ಬಾಲ ಬಡಿಯುತ್ತಿದ್ದರೂ
ಮಾರಿಕಾ ಪಿಯಾನೊದ ಮುಂದೆಯೇ ಕೂತಿದ್ದಳಂತೆ,
ಮುಗಿಯಿತೆಂದು ಯಾರೂ ಹೇಳದೆ.

ಇಲ್ಲಿ ರೊಂಕನಿಗೆ ಸಿಕ್ಕದ್ದು ಗಟ್ಟಿಯದು.
ತೆಗೆದುಕೊಳ್ಳಲು ಹೋದೆ, ಗುರ್ ಎಂದ.
ಕಚ್ಚಲಿಲ್ಲ, ಬಿಡಲಿಲ್ಲ;
ಸಂಜೆಯವರೆಗೆ ಒಸಡಿನ ನಡುವೆ ಹಿಡಿದು
ಬಾಗಿಲ ಕಡೆ ಮೂತಿ ಮಾಡಿ ಮಲಗಿದ್ದ.

ಅವಳು ಬಂದು ಅಂಗೈ ಚಾಚಿದಳು. ಕೊಟ್ಟ.
ಜೊಲ್ಲಿನಲ್ಲಿ ನೆಂದು ತೊಯ್ದ ಆ ತುಂಡನ್ನು
ಮೇಜಿನಂಚಿಗೆ ಮೆಲ್ಲಗೆ ಕುಟ್ಟಿ, ಕಿವಿಗೊಟ್ಟಳು.
ನನಗೇನೂ ಕೇಳಿಸಲಿಲ್ಲ.
“ಹದವಾಗಿದೆ,” ಎಂದು
ಅವನಿಗೇ ತಿರುಗಿ ಕೊಟ್ಟಳು.