ರೇಟಿನ ಕಾಲಂ

ಹೊತ್ತು ಹನ್ನೊಂದು. ಸಿದ್ದಾಪುರದಲ್ಲಿ ಸಂತೆ.
ಮೆಟ್ಟಿಲ ಮೇಲಿನ ಒಣಮೀನಿನ ಚೀಲಗಳ ನಡುವೆ
ದಾರಿ ಮಾಡಿಕೊಂಡು ಬಂದಳು ಚಾತೆ,
ಸೊಂಟದಲ್ಲಿ ಮಗು, ಮುಷ್ಟಿಯಲ್ಲಿ ಖಾಲಿ ಗುಳಿಗೆಪಟ್ಟಿ.
"ಇದೇ ಕೊಡಿ. ಇವಳಪ್ಪನಿಗೆ ಒಂದಕ್ಕೇ ನಿಂತಿತ್ತು.
ಇವಳಿಗೆ ಅರ್ಧ ಸಾಕು. ನಾನೇ ಮುರಿದು ಕೊಡುತ್ತೇನೆ."

ಬೆಳ್ಳಿ ಕಾಗದದ ಬೆನ್ನಿಗೆ
ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷು.
ಮಕ್ಕಳಿಗಲ್ಲ ಎಂಬ ಮಾತು ಅದರಲ್ಲೆಲ್ಲೋ ಇತ್ತು;
ಹರಿದ ತುಂಡಿನ ಜೊತೆ ಹೋಗಿತ್ತು.

"ಮಗುವಿನ ತೂಕ ಎಷ್ಟು?"
"ಹೊತ್ತರೆ ಗೊತ್ತಾಗುವಷ್ಟು ಇತ್ತು," ಎಂದಳು,
"ಮೊನ್ನೆಯಿಂದ ಗೊತ್ತಾಗುತ್ತಿಲ್ಲ."

ನನ್ನ ತಕ್ಕಡಿ ಕೆಟ್ಟು ಎರಡು ತಿಂಗಳು.
ಎದುರಿಗೆ ಉಸ್ಮಾನ್ ಕಾಕನ ಮೆಣಸಿನ ಗೋದಾಮು.
ಕಾಕ ಏನೂ ಕೇಳಲಿಲ್ಲ. ಕೊಂಡಿಯಿಂದ ಮೂಟೆ ಇಳಿಸಿ
ಹೊಸ ಗೋಣಿ ಕೊಡವಿ, ತೊಟ್ಟಿಲು ಕಟ್ಟಿ,
ಮಗುವನ್ನು ಕೂರಿಸಿ ಕೈ ಬಿಟ್ಟ.
ಮೆಣಸಿನ ಧೂಳಿಗೆ ಎರಡು ಸೀನು.
ಮುಳ್ಳು ನಡುಗಿತು, ಎರಡೂ ಸಲ.
ನಿಂತದ್ದು ಎಂಟು ಕಿಲೋ ಇನ್ನೂರು.
ಅಭ್ಯಾಸದ ಕೈ, ಚೀಟಿ ಬರೆಯಿತು:
ಮಾಲು, ಖಾಲಿ. ತೂಕ, 8.200. ರೇಟು...
ಪೆನ್ನು ಅಲ್ಲೇ ಸ್ವಲ್ಪ ಹೊತ್ತು ನಿಂತು
ಆಮೇಲೆ ಒಂದು ಅಡ್ಡಗೆರೆ ಎಳೆಯಿತು.

ಚಾತೆ, ನಿನಗೆ ಹೇಳದೆ ಉಳಿದದ್ದು ಇದು:
ಈ ಅಂಗಡಿಗೆ ನಾನು ಬಂದ ಮೊದಲ ವರ್ಷ
ಹೀಗೇ ಒಬ್ಬರು ಕೇಳಿದರು. ಬ್ಲೇಡಿನಲ್ಲಿ
ಗುಳಿಗೆಯನ್ನು ಎರಡು ಮಾಡಿ ಕಾಗದದಲ್ಲಿ ಮಡಿಸಿ ಕೊಟ್ಟೆ.
ಅಂದವಾಗಿ ಮಡಿಸಿದ್ದೆ, ಮೂಲೆಗೆ ಮೂಲೆ ಕೂಡಿಸಿ.
ಭೇದಿ ನಿಂತಿತು. ಅದರ ಜೊತೆಗೆ ಕರುಳೂ ನಿಂತಿತು.
ಹೊಟ್ಟೆ ದುಡಿಯ ಹಾಗೆ ಬಿಗಿದು
ಮಡಿಕೇರಿ ಆಸ್ಪತ್ರೆಯಲ್ಲಿ ಆರು ದಿನ, ಮೂಗಿಗೆ ನಳಿಗೆ.
ಬದುಕಿತು.
ಮನೆಗೆ ಮರಳುವಾಗ ದಾರಿಯಲ್ಲಿ ಬಸ್ಸಿಳಿದು
ನನಗೆ ಕಿತ್ತಳೆ ತಂದುಕೊಟ್ಟರು, ಮೂರು,
"ನೀವು ಮೊದಲೇ ಔಷಧಿ ಕೊಟ್ಟಿದ್ದಕ್ಕೆ ಉಳಿಯಿತು" ಎಂದು.
ನಾನು ಬಾಯಿ ತೆರೆಯಲಿಲ್ಲ, ಹಣ್ಣಿಗೂ, ಮಾತಿಗೂ.
ಕೌಂಟರಿನ ಮೇಲೇ ಅವು ಸುಕ್ಕಾದವು,
ದಿನಾ ಎತ್ತಿ ನೋಡುತ್ತಿದ್ದೆ,
ದಿನಾ ಸ್ವಲ್ಪ ಹಗುರ.

ಬೇಡದ್ದನ್ನು ಹೊರಗೆ ದೂಡುವುದು ಹೊಟ್ಟೆಯ ಕೆಲಸ.
ಆಗ ಬಾಗಿಲಿಗೆ ಅಗಳಿ ಹಾಕಿದರೆ
ಕಳ್ಳ ಒಳಗೇ ಉಳಿಯುತ್ತಾನೆ.

ಗುಳಿಗೆ ಕೊಡಲಿಲ್ಲ. ಓಆರ್‌ಎಸ್ ಪೊಟ್ಟಣ ನಾಲ್ಕು,
ಜಿಂಕ್ ಸಿರಪ್ಪು, ಹದಿನಾಲ್ಕು ದಿನ, ನಿಂತರೂ ಬಿಡಬೇಡ.
ದೊಡ್ಡ ಪೊಟ್ಟಣ ಒಂದಕ್ಕೆ, ಕುದಿಸಿ ಆರಿಸಿದ ನೀರು ಒಂದು ಲೀಟರು.
"ಲೀಟರು ಅಂದರೆ?"
ಲೈನುಮನೆಯಲ್ಲಿ ಇರುವುದು ಬ್ರಾಂಡಿ ಬಾಟಲಿ; ಅದು ಮುಕ್ಕಾಲು.
ನನ್ನ ನೀರನ್ನು ಚರಂಡಿಗೆ ಸುರಿದು
ನನ್ನ ಬಾಟಲಿಯನ್ನೇ ಕೊಟ್ಟೆ. ಇದರ ತುಂಬ, ಚಾತೆ, ಇದರಲ್ಲೇ.
ಚಮಚ ಚಮಚವಾಗಿ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ.
ಮೊಲೆ ಬಿಡಿಸಬೇಡ. ರಕ್ತ ಕಂಡರೆ, ಕಣ್ಣು ಕುಳಿ ಬಿದ್ದರೆ,
ಉಚ್ಚೆ ನಿಂತರೆ, ಕರೆದರೂ ತಿರುಗದಿದ್ದರೆ
ನನ್ನ ಹತ್ತಿರ ಬರಬೇಡ, ಆಸ್ಪತ್ರೆಗೆ ಹೋಗು,
ಜೀಪಿನವನಿಗೆ ನನ್ನ ಹೆಸರು ಹೇಳು.

ಅವಳಿಗೆ ಸಿಟ್ಟು. ನಿಲ್ಲಿಸುವುದು ಕೇಳಿದರೆ
ನೀರು ಕುಡಿಸು ಅನ್ನುತ್ತಾಳಲ್ಲ ಇವಳು.
"ನಾಳೆ ಮೆಣಸು ಕುಯ್ಯಲು ಹೋಗಲಾ,
ಚಮಚ ಹಿಡಿದು ಕೂರಲಾ?"
ಅದಕ್ಕೆ ನನ್ನ ಕಪಾಟಿನಲ್ಲಿ ಏನೂ ಇರಲಿಲ್ಲ.

ಮುಂದಿನ ಸಂತೆಗೆ ಬರಲಿಲ್ಲ. ಅದರ ಮುಂದಿನದಕ್ಕೂ.
ಕಾಕ ರಸ್ತೆ ದಾಟಿ ಬಂದು ಕೆಮ್ಮಿನ ಮಿಠಾಯಿ ಕೊಂಡ,
ಕೆಮ್ಮು ಇರಲಿಲ್ಲ. ಇಬ್ಬರೂ ಏನೂ ಕೇಳಲಿಲ್ಲ.

ಮೂರನೆಯ ಸಂತೆ. ಮಧ್ಯಾಹ್ನ. ಕೌಂಟರಿನ ಮೇಲೆ
ತೊಳೆದ ಬಾಟಲಿಯನ್ನು ಕುಟ್ಟಿ ಇಟ್ಟ ಸದ್ದು.
"ಎಂಟು ಕಿಲೋ ಒಂಬೈನೂರು,"
ನಾನು ತಲೆ ಎತ್ತುವ ಮೊದಲೇ.
ಮಗುವಿನ ಕೂದಲ ತುಂಬ ಮೆಣಸಿನ ಧೂಳು.
ಈ ಸಲ ಸೀನಿದ್ದು ನಾನು.