ನಾಲ್ಕು ಬೆರಳು

ಮಂಗಳೂರು ಜೈಲಿನ ಪುಸ್ತಕ, ೧೮೯೯.
ಒಳಗೆ ಬಂದವರನ್ನು ಗೋಡೆಗೆ ನಿಲ್ಲಿಸಿ ಅಳೆದಿದ್ದಾರೆ:
ಬರಿಗಾಲು, ಹಿಮ್ಮಡಿ ಗೋಡೆಗೆ, ನೋಟ ನೇರ.
ಗೆದ್ದಲು ಕೆಲವರ ಅಂಗುಲ ತಿಂದು
ಅಡಿಯನ್ನು ಬಿಟ್ಟಿದೆ.

ಐತ ಬಿನ್ ಅಂಗಾರ.
ಭಾನುವಾರ ಹುಟ್ಟಿದ ಮಗ, ಮಂಗಳವಾರ ಹುಟ್ಟಿದ ಅಪ್ಪ.
ವಾರ ಗೊತ್ತುಂಟು, ವರ್ಷ ಗೊತ್ತಿಲ್ಲ;
ಗುಮಾಸ್ತ ‘ಸುಮಾರು ಹದಿನೇಳು’ ಎಂದು ಹಾಕಿದ್ದಾನೆ.
ಕದ್ದದ್ದು: ಒಂದು ಮುಡಿ ಅಕ್ಕಿ, ಬಂದರಿನ ಧಕ್ಕೆಯಿಂದ.
ಎತ್ತರ: ನಾಲ್ಕು ಅಡಿ ಹನ್ನೊಂದು.

ಎರಡು ವರ್ಷ ಬಿಟ್ಟು ಬಿಡುಗಡೆಯ ಪುಟದಲ್ಲಿ ಅದೇ ಹೆಸರು,
ಎಡಹುಬ್ಬಿನ ಮೇಲೆ ಅದೇ ಸುಟ್ಟ ಕಲೆ:
ಐದು ಅಡಿ ಒಂದೂವರೆ.

ಪೆನ್ಸಿಲ್ ಕೆಳಗಿಟ್ಟೆ.
ಜೈಲು ಅವನನ್ನು ಎರಡೂವರೆ ಅಂಗುಲ ಬೆಳೆಸಿತ್ತು.
ದಿನಕ್ಕೆರಡು ಹೊತ್ತು ಗಂಜಿ, ವಾರಕ್ಕೆರಡು ಸಲ ಒಣಮೀನು;
ಹೊರಗೆ ಇಲ್ಲದ್ದು ಒಳಗೆ ಇತ್ತು, ಬೀಗ ಹಾಕಿ.
ಸಂಕೋಲೆ ತೊಡಿಸಿದವರಿಗೆ
ಅದರೊಳಗೆ ಎಲುಬು ಉದ್ದವಾಗುವ ಸದ್ದು ಕೇಳಿಸಿರಲಿಕ್ಕಿಲ್ಲ.
ಮುಂದಿನ ಪುಸ್ತಕಗಳಲ್ಲಿ ಅವನಿಲ್ಲ.
ಮತ್ತೆ ಕದಿಯಲಿಲ್ಲವೋ, ಸಿಕ್ಕಿಬೀಳಲಿಲ್ಲವೋ.

ಕೊಣಾಜೆಯ ಸೆಮಿನಾರಿನಲ್ಲಿ ಹಿಂದಿನ ಬೆಂಚಿನ ಹುಡುಗಿ:
“ಮೇಡಂ, ಹೆಂಗಸರ ಎತ್ತರ ಎಲ್ಲುಂಟು?”

ಜೈಲಿನಲ್ಲಿ ಏಳೇ ಏಳು ಮಂದಿ. ಏಳರಿಂದ ಸರಾಸರಿ ತೆಗೆಯಬಾರದು.
ಪೊಲೀಸಿಗೆ ಸೇರಿದವರು, ಹಡಗು ಹತ್ತಿದವರು, ಎಲ್ಲ ಗಂಡಸರು.
ಹೆಂಚಿನ ಕಾರ್ಖಾನೆ ಹೆಂಗಸರ ಕೂಲಿ ಬರೆದಿಟ್ಟಿತು,
ತಲೆಯ ಮೇಲಿನ ಹೆಂಚನ್ನು ಒಂದೊಂದಾಗಿ ಎಣಿಸಿತು,
ಆ ತಲೆ ನೆಲದಿಂದ ಎಷ್ಟು ಮೇಲಿತ್ತೆಂದು ಬರೆಯಲಿಲ್ಲ.
ಬೀಡಿ ಕಟ್ಟಿದವರಂತೂ ಕೂತೇ ಇದ್ದರು, ನನ್ನ ಅಮ್ಮನೂ,
ಮಡಿಲಲ್ಲಿ ಮೊರ, ಹೊರಗೆ ಕತ್ತಲಾಗುವವರೆಗೆ.
ಕೂತವರನ್ನು ಅಳೆಯುವ ಗೋಡೆ ಇಲ್ಲ.

ಕೊನೆಗೆ ಜೆಪ್ಪುವಿನ ಬಾಲ್ತಜಾರ್,
ಮರಣಪೆಟ್ಟಿಗೆಯ ಬಡಗಿ, ಮೂರನೇ ತಲೆಮಾರು,
ಅಜ್ಜನ ಕಾಲದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದ,
ಮರದ ಹುಡಿ ಕೊಡವಿದ.
ಹೆಸರು, ಉದ್ದ, ಹಲಗೆ. ಇದ್ದವರಿಗೆ ಹಲಸು, ಇಲ್ಲದವರಿಗೆ ಮಾವು.
ರೆಜಿನಾ. ಕೊಸೆಸಾಂವ್. ನತಾಲಿಯಾ. ಇನ್ನೊಬ್ಬಳು ನತಾಲಿಯಾ.
ಎಂಟುನೂರ ಆರು ಹೆಂಗಸರು
ಸಾಲಾಗಿ, ಜನ್ಮದಲ್ಲಿ ಮೊದಲ ಸಲ ಬೆನ್ನು ನೆಟ್ಟಗೆ.

“ಒಂದು ಮಾತು,” ಅಂದ ಬಾಲ್ತಜಾರ್.
“ಇದು ಮೈಯ ಉದ್ದ ಅಲ್ಲ ಬಾಯಿ.
ಅಜ್ಜ ಎಲ್ಲರಿಗೂ ನಾಲ್ಕು ಬೆರಳು ಹೆಚ್ಚಿಗೆ ಬಿಡುತ್ತಿದ್ದ. ಅಪ್ಪನೂ. ನಾನೂ.
ಮನೆಯಲ್ಲಿ ಎಂಟು ಜನರ ಮಧ್ಯೆ ಮುದುಡಿ ಮಲಗಿದವರು.
ಅಲ್ಲಾದರೂ ಕಾಲು ಚಾಚಲಿ.”

ಕಳೆಯಲೇಬೇಕು. ಕಳೆದೆ.
ಎಂಟುನೂರ ಆರು ಸಾಲಿನಿಂದ, ನಾಲ್ಕು ನಾಲ್ಕು ಬೆರಳು.
ಅಡಿಟಿಪ್ಪಣಿಯಲ್ಲಿ ಬರೆದೆ:
‘ವ್ಯವಸ್ಥಿತ ದೋಷ, ಸುಮಾರು ಮೂರು ಅಂಗುಲ, ಸರಿಪಡಿಸಲಾಗಿದೆ.’

ಅಮ್ಮ ಐದನೇ ಪುಸ್ತಕದಲ್ಲಿದ್ದಾಳೆ. ಹಲಸು; ಸಾಲ ಮಾಡಿ ಹೇಳಿದ್ದೆ.
ಅವಳಿಂದಲೂ ಕಳೆದೆ. ನಾಲ್ಕು ಅಡಿ ಒಂಬತ್ತು.
ನಾನು ಐದು ಒಂದು.
ನಡುವಿನ ನಾಲ್ಕು ಅಂಗುಲದಲ್ಲಿ ರೇಷನ್ ಅಕ್ಕಿ ಉಂಟು,
ಶಾಲೆಯ ಉಪ್ಪಿಟ್ಟು, ತೋಳಿನ ಮೇಲೆ ಸೂಜಿಯ ಕಲೆ,
ಬೂತಾಯಿ ಅಗ್ಗವಾದ ಆ ಎರಡು ವರ್ಷ:
ಮೀನು ನನ್ನ ಬಟ್ಟಲಿಗೆ, ಬರೀ ಸಾರು ಅವಳದಕ್ಕೆ.
ಎಲ್ಲಕ್ಕೂ ಸಮೀಕರಣ ಬರೆದಿದ್ದೇನೆ.
ಆ ಸಾರು ಮಾತ್ರ ಯಾವ ಕಡೆಗೂ ಕೂರುವುದಿಲ್ಲ.

ಹೊರಡುವಾಗ ಬಾಲ್ತಜಾರ್ ಬಾಗಿಲಿಗೆ ಬಂದ.
ಹಿಮ್ಮಡಿಯಿಂದ ನೆತ್ತಿಗೆ ಒಮ್ಮೆ ನೋಡಿದ, ಕಸುಬಿನ ಕಣ್ಣು.
“ಐದು ಒಂದು,” ಅಂದವನು
ನಾಲಗೆ ಕಚ್ಚಿಕೊಂಡ.

“ಐದು ನಾಲ್ಕು,” ಅಂದೆ.
“ಬರೆದಿಟ್ಟುಕೊಳ್ಳಿ.”