ಸಹಿ ಹತ್ತಿರ ಬಂದ ಮೇಲೆ

ಆಗೆಲ್ಲ ಲಾರಿ ಹತ್ತಿ ದಕ್ಷಿಣಕ್ಕೆ ಹೊರಟರೆ
ಎಲ್ಲಿಗೆ ಎಂದವರಿಗೆ ‘ಕೀನ್ಯಾಕ್ಕೆ’ ಅನ್ನುತ್ತಿದ್ದೆವು.
ನಿಂತ ನೆಲವೂ ಕೀನ್ಯಾವೇ, ನಕಾಶೆಯಲ್ಲಿ.
ಬೊರಾನರ ಬಾಯಲ್ಲಿ ಮಾತ್ರ ಕೀನ್ಯಾ ಅಂದರೆ ನೈರೋಬಿ,
ನೈರೋಬಿ ಅಂದರೆ ಒಂದು ಕಟ್ಟಡ,
ಕಟ್ಟಡ ಅಂದರೆ ನಾಲ್ಕನೇ ಮಹಡಿ,
ಅಲ್ಲಿ ಕಿಟಕಿ ಪಕ್ಕ ಕೂತ ಒಬ್ಬನ ಪೆನ್ನು.

ನಾನು ಜಟಾನಿ. ಕಡತ ಹೊರುವವನು.
ಒಂಬತ್ತು ವರ್ಷ ಹೊತ್ತದ್ದು ಒಂದೇ ಕಡತ:
ಎಲ-ದೀಮಾ ಬಾವಿಯ ಕೈಪಂಪಿಗೆ
ಒಂದು ವಾಷರು ಬೇಕು.
ಅಷ್ಟೇ. ಅಂಗೈಯಗಲದ ತೊಗಲು, ನಡುವೆ ತೂತು.

ಲಾರಿಯೊಳಗೆ ಕೆಳಗೆ ಆಡು, ಮೇಲೆ ಸರಳಿಗೆ ಜೋತು ನಾವು,
ಎರಡು ಹಗಲು, ಒಂದೂವರೆ ಇರುಳು.
ಹೋದರೆ ನಾಲ್ಕನೇ ಮಹಡಿ ಕೇಳಿತು: ಇದು ಯಾವ ಜಿಲ್ಲೆ?
ಮರುವರ್ಷ: ತೊಗಲು ಯಾವ ಪ್ರಾಣಿಯದು?
ಅದರ ಮರುವರ್ಷ ಪೆನ್ನಿನವನಿಗೆ ವರ್ಗ.
ಆರನೆಯ ಸಲ ಬಂದವು ನೋಡಿ, ಹೊಚ್ಚಹೊಸ ಪಂಪು, ಮೂರು,
ಬಾವಿಯೇ ಇಲ್ಲದ ಪಕ್ಕದ ಹಟ್ಟಿಗೆ.
ಈಗಲೂ ಅವಕ್ಕೆ ಆಡು ಕಟ್ಟುತ್ತಾರೆ.

ಅಷ್ಟೂ ವರ್ಷ ಎಲ-ದೀಮಾದಲ್ಲಿ ಏಳು ಜನ
ಒಬ್ಬರ ತಲೆ ಮೇಲೆ ಒಬ್ಬರು ಮೆಟ್ಟಿಲಾಗಿ ನಿಂತು
ನೀರು ಎತ್ತಿದರು, ಹಾಡಿಕೊಂಡು,
ತೊಗಲಿನದೇ ಬಕೀಟಿನಲ್ಲಿ.

ಆಮೇಲೆ ಸಂವಿಧಾನ ಬದಲಾಯಿತು.
ರೇಡಿಯೊ ಹೇಳಿತು: ಅಧಿಕಾರ ಕೆಳಗಿಳಿಯುತ್ತದೆ.
ಒಂಟೆಹಾಲು ಮಾರುವ ದರ್ಮಿ ಕೇಳಿದಳು:
ಹೊರೆ ಇಳಿಸಬೇಕಾದರೆ ಮೊದಲು ಮಂಡಿಯೂರಬೇಕಲ್ಲ,
ಊರಿತೇ?

ಊರಿತೋ ಇಲ್ಲವೋ, ಒಂದು ಗುರುವಾರ
ಜಾಲಿಮರದ ಕೆಳಗೆ ಸಭೆ ಸೇರಿತು. ವಾರ್ಡಿನ ದುಡ್ಡು ಎಷ್ಟೆಂದು
ಮೊದಲ ಬಾರಿಗೆ ಕಿವಿಯಾರೆ ಕೇಳಿದೆವು.
ಹಿರಿಯರಿಗೆ ಊರ ಬಾಗಿಲಿಗೊಂದು ಕಮಾನು ಬೇಕು,
ಮೇಲೆ ಗವರ್ನರರ ಹೆಸರು.
ದರ್ಮಿ ಎದ್ದಳು. ಮಾತಾಡಲಿಲ್ಲ.
ಹಳದಿ ಡಬ್ಬಿಯ ಮುಚ್ಚಳ ತೆರೆದು
ನನ್ನ ನಡಾವಳಿ ಪುಸ್ತಕದ ಪಕ್ಕ ಇಟ್ಟಳು.
ಹುಳಿನಾತ ನೆರಳಿಡೀ ಹಬ್ಬಿತು.
ಬಸ್ಸಿನ ತಲೆ ಮೇಲೆ ದಿನಾ ಹೀಗೆ ಕೆಡುವ ಹಾಲು
ಇಪ್ಪತ್ತೆರಡು ಹೆಂಗಸರದು, ಅಂದಳು ಕಡೆಗೆ,
ಕಮಾನಿನ ಕೆಳಗೆ ಹಾದರೆ ತಣ್ಣಗಾಗುತ್ತದೆಯೆ?

ಹಾಲು ತಂಪು ಮಾಡುವ ಯಂತ್ರಕ್ಕೆ ಕೈಗಳೆದ್ದವು.
ಯಾರೋ ಕೇಳಿದರು: ಕೆಟ್ಟರೆ? ರಿಪೇರಿಗೆ ಮತ್ತೆ ನೈರೋಬಿಯೆ?
ನೆರಳಿನ ಗೆರೆಯಾಚೆ, ಬಿಸಿಲಲ್ಲಿ,
ಕಮ್ಮಾರ ಎಲೆಮಾ ಕೂತಿದ್ದ.
ತುಮ್ತು ಕುಲದವರು ಕೂರುವುದು ಅಲ್ಲೇ;
ಯಾರೂ ಹೇಳಿದ್ದಲ್ಲ, ಯಾರೂ ಕರೆದದ್ದೂ ಅಲ್ಲ.
‘ನಾನು ಮಾಡ್ತೀನಿ’ ಅಂದ.
ಆಮೇಲೆ, ನನ್ನನ್ನೇ ನೋಡುತ್ತ, ಮೆಲ್ಲಗೆ:
‘ಕೇಳಿದ್ದರೆ ಆ ವಾಷರನ್ನೂ ಕತ್ತರಿಸಿ ಕೊಡುತ್ತಿದ್ದೆ.
ಹಳೇ ಟೈರು ಸಾಕಿತ್ತು.’

ಒಂಬತ್ತು ವರ್ಷ. ಲಾರಿ ನಿಲ್ಲುತ್ತಿದ್ದದ್ದು
ಅವನ ತಿದಿಯ ಎದುರಿಗೇ.
ಕಡತ ಕಂಕುಳಲ್ಲಿಟ್ಟು ಅವನ ಕೆಂಡದಲ್ಲೇ
ಸಿಗರೇಟು ಹಚ್ಚಿಕೊಂಡಿದ್ದೇನೆ.
ನಾಲ್ಕನೇ ಮಹಡಿಗೆ ನಮ್ಮೂರು ಕಾಣಲಿಲ್ಲ, ಸರಿ,
ನಲವತ್ತು ಹೆಜ್ಜೆಯಾಚೆ ಇದ್ದವನು
ನನಗೇಕೆ ಕಾಣಲಿಲ್ಲ?

ಯಂತ್ರ ಬಂತು. ಬರುವಾಗ ಬೆಲೆ ಒಂದೂವರೆ ಪಟ್ಟು;
ಗುತ್ತಿಗೆ ಹಿಡಿದವ ನನ್ನ ಅಕ್ಕನ ಮಗ, ಹಲಕಾನೊ.
ಹಿಂದೆ ತಿಂದವರ ಮುಖ ನಾವು ಕಂಡವರಲ್ಲ,
ಇವನದಾದರೆ ಹಾಲುಹಲ್ಲು ಬಿದ್ದದ್ದೂ ಗೊತ್ತು.
ಅಕ್ಕ ಅತ್ತಳು. ದರ್ಮಿ ಅಳಲಿಲ್ಲ,
ಲೆಕ್ಕ ಕೇಳಿದಳು. ಹೆಂಗಸರು ಅವನ ಬಾಗಿಲಲ್ಲಿ
ಮೂರು ದಿನ ಡಬ್ಬಿ ಇಟ್ಟುಕೊಂಡು ಕೂತರು,
ಬೀದಿಯೆಲ್ಲ ಹುಳಿ ವಾಸನೆ.
ದುಡ್ಡು ಅರ್ಧ ಬಂತು. ಇನ್ನರ್ಧ ಬರಬೇಕು.

ಈಗ ಸಹಿ ನನ್ನದು. ವಾರ್ಡಿನ ಕಚೇರಿ
ಒಂದೇ ಕೋಣೆ, ಮಹಡಿಯಿಲ್ಲ.
ಬೆಳಕು ಹರಿಯುವ ಮೊದಲೇ ಕದ ಬಡಿಯುತ್ತಾರೆ.
ಇವತ್ತು ಬಂದವನು ಎಲೆಮಾ, ಕೂಲಿ ಬಾಕಿ.
ಒಳಗೆ ಬಾ ಅಂದೆ.
ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ,
ಚಪ್ಪಲಿ ಬಿಡಲೋ ಬೇಡವೋ ಎಂಬಂತೆ.
ನಾನು ಜೇಬೆಲ್ಲ ತಡವಿಕೊಂಡು
ಪೆನ್ನು ಹುಡುಕುತ್ತಿದ್ದೇನೆ.